ಓದುಗರ ಪ್ರಶ್ನೆ: ‘ವಾರಕ್ಕೆ ಎಷ್ಟು ದಿನ, ದಿನಕ್ಕೆ ಎಷ್ಟು ನಿಮಿಷ?’

ದಿನನಿತ್ಯದ ದೈಹಿಕ ಚಟುವಟಿಕೆಯನ್ನು ಪ್ರಶ್ನಾವಳಿ ಹಿಡಿದು ಅಳೆಯುವ ಬಗ್ಗೆ ಬಂದ ಪತ್ರಗಳಲ್ಲಿ ಐದನ್ನು ಈ ಸಂಚಿಕೆಗೆ ಆರಿಸಿದ್ದೇವೆ. ಬಹುತೇಕ ಪತ್ರಗಳಲ್ಲಿ ಎರಡು ನಮೂನೆಗಳ ಹೆಸರಿದೆ. ಒಂದು ‘ಐಪ್ಯಾಕ್’. ಇದು ಕಳೆದ 7 ದಿನಗಳಲ್ಲಿ ಮಾಡಿದ್ದನ್ನು ಕೇಳುತ್ತದೆ. ಗಿಡ್ಡ ರೂಪದಲ್ಲಿ 7 ಪ್ರಶ್ನೆ, ಉದ್ದ ರೂಪದಲ್ಲಿ 27. ಇನ್ನೊಂದು ವಿಶ್ವ ಆರೋಗ್ಯ ಸಂಸ್ಥೆಯ ‘ಜಿಪ್ಯಾಕ್’. ಇದು 16 ಪ್ರಶ್ನೆಗಳಲ್ಲಿ ಕೆಲಸ, ಓಡಾಟ, ಬಿಡುವು ಮೂರನ್ನೂ ಬೇರೆ ಬೇರೆಯಾಗಿ, ‘ಸಾಮಾನ್ಯ ವಾರ’ದ ಲೆಕ್ಕದಲ್ಲಿ ಕೇಳಿ, ಕೊನೆಗೆ ಕೂತಿರುವ ಹೊತ್ತನ್ನೂ ಬರೆಸಿಕೊಳ್ಳುತ್ತದೆ. ಉತ್ತರವೆಲ್ಲ ಕೊನೆಗೆ ‘ಮೆಟ್-ನಿಮಿಷ’ವಾಗುತ್ತದೆ. ಸುಮ್ಮನೆ ಕೂತಾಗ ದೇಹ ಖರ್ಚು ಮಾಡುವ ಶಕ್ತಿ 1 ಮೆಟ್. ಜಿಪ್ಯಾಕ್ ಮಧ್ಯಮ ಶ್ರಮಕ್ಕೆ 4, ಭಾರಿ ಶ್ರಮಕ್ಕೆ 8 ಎಂದು ಹಿಡಿದು ಅದನ್ನು ನಿಮಿಷಗಳಿಂದ ಗುಣಿಸುತ್ತದೆ.

ಜಿಪ್ಯಾಕ್ ಅನ್ನು ಕನ್ನಡಕ್ಕೆ ತಂದು 60 ಜನರಿಂದ ಉತ್ತರ ಪಡೆದಿದ್ದೇನೆ. ಕ್ರೋನ್‌ಬ್ಯಾಕ್ ಆಲ್ಫಾ 0.58 ಬಂದಿದೆ. 0.7 ದಾಟಲೇಬೇಕು, ಹೊಂದದ ಪ್ರಶ್ನೆಗಳನ್ನು ತೆಗೆಯಿರಿ ಎಂಬ ಸಲಹೆ ಸಿಕ್ಕಿದೆ. ಯಾವುದನ್ನು ತೆಗೆಯಲಿ?
— ಸಾರ್ವಜನಿಕ ಆರೋಗ್ಯ ವಿದ್ಯಾರ್ಥಿನಿ, ಧಾರವಾಡ

ಯಾವ ಪ್ರಶ್ನೆಯನ್ನೂ ತೆಗೆಯಬೇಡಿ, ಆಲ್ಫಾವನ್ನೇ ತೆಗೆದುಬಿಡಿ. ಪ್ರಶ್ನೆಗಳೆಲ್ಲ ಒಂದೇ ಗುಣವನ್ನು ಬೇರೆ ಬೇರೆ ಕಡೆಯಿಂದ ಮುಟ್ಟುತ್ತಿವೆಯೇ ಎಂದಷ್ಟೇ ಆಲ್ಫಾ ನೋಡುತ್ತದೆ. ಖಿನ್ನತೆ ಅಳೆಯುವ ಪ್ರಶ್ನಾವಳಿಗೆ ಅದು ಸರಿ. ನಿದ್ದೆ ಕೆಟ್ಟವರಿಗೆ ಊಟವೂ ರುಚಿಸದಿರುವ ಸಾಧ್ಯತೆ ಹೆಚ್ಚು. ಚಟುವಟಿಕೆಯಲ್ಲಿ ಹಾಗಿಲ್ಲ. ಹಗಲೆಲ್ಲ ಗಾರೆ ಕೆಲಸ ಮಾಡಿದವರು ಸಂಜೆ ಶಟಲ್ ಆಡಲು ಹೋಗುವುದಿಲ್ಲ. ಶಟಲ್ ಆಡುವವರು ಹಗಲೆಲ್ಲ ಕುರ್ಚಿ ಬಿಟ್ಟು ಏಳುವುದಿಲ್ಲ. ಒಂದು ಏರಿದರೆ ಇನ್ನೊಂದು ಇಳಿಯುವುದು ಇಲ್ಲಿ ಸಹಜ, ಆಲ್ಫಾ ಕಡಿಮೆ ಬರುವುದೂ ಸಹಜ. 0.7 ದಾಟಿಸಲು ‘ಕೆಲಸ’ದ ಪ್ರಶ್ನೆಗಳನ್ನು ಕಿತ್ತುಹಾಕಿದರೆ ಗಾರೆಯವರೆಲ್ಲ ಚಟುವಟಿಕೆ ಇಲ್ಲದವರ ಪಟ್ಟಿಗೆ ಸೇರುತ್ತಾರೆ.

ನಿಮಗೆ ಬೇಕಾಗಿರುವುದು ಎರಡು ಬೇರೆ ಪರೀಕ್ಷೆಗಳು. ಎರಡು ಸಲ ಕೇಳಿದರೆ ಅದೇ ಉತ್ತರ ಬರುತ್ತದೆಯೇ ಎಂಬುದು ವಿಶ್ವಸನೀಯತೆ. ಬಂದ ಉತ್ತರ ನಿಜವೇ ಎಂಬುದು ಸಿಂಧುತ್ವ. ಮೊದಲನೆಯದು ಗೆದ್ದ ಮಾತ್ರಕ್ಕೆ ಎರಡನೆಯದು ಗೆದ್ದಂತಲ್ಲ.

ಮೊದಲನೆಯದಕ್ಕೆ ಅದೇ ಜನರನ್ನು, ಸಾಧ್ಯವಾದರೆ ಅದೇ ಸಂದರ್ಶಕರಿಂದ, 10ರಿಂದ 14 ದಿನ ಬಿಟ್ಟು ಮತ್ತೆ ಕೇಳಿಸಿ. ಮೂರೇ ದಿನಕ್ಕೆ ಹೋದರೆ ಜನ ತಮ್ಮ ಹಿಂದಿನ ಉತ್ತರವನ್ನೇ ನೆನಪಿಸಿಕೊಂಡು ಹೇಳುತ್ತಾರೆ. ಎರಡು ತಿಂಗಳು ಬಿಟ್ಟರೆ ಬದುಕೇ ಬದಲಾಗಿರುತ್ತದೆ: ನಾಟಿ ಮುಗಿದಿರುತ್ತದೆ, ಶಾಲೆಗೆ ರಜೆ ಬಂದಿರುತ್ತದೆ. ನಿಮ್ಮ 60 ಜನರಲ್ಲಿ 50 ಮಂದಿಯಾದರೂ ಎರಡನೇ ಸಲ ಸಿಗಬೇಕು. ನಂತರ ಐಸಿಸಿ, ಅಂದರೆ ಎರಡು ಸಲದ ಉತ್ತರಗಳು ಎಷ್ಟು ಹೊಂದುತ್ತವೆ ಎಂದು ತೋರಿಸುವ ಅಂಕ, ಲೆಕ್ಕ ಹಾಕಿ. ಇಲ್ಲೊಂದು ಗುಂಡಿಯಿದೆ. ಸಾಫ್ಟ್‌ವೇರ್ ‘ಕನ್ಸಿಸ್ಟೆನ್ಸಿ’, ‘ಅಬ್ಸಲ್ಯೂಟ್ ಅಗ್ರಿಮೆಂಟ್’ ಎಂದು ಎರಡು ಆಯ್ಕೆ ಕೊಡುತ್ತದೆ. ಎರಡನೆಯದನ್ನೇ ಆರಿಸಿ. ಮರುಭೇಟಿಯಲ್ಲಿ ಎಲ್ಲರೂ ಒಂದೇ ಸಮ ಅರ್ಧ ಗಂಟೆ ಕಡಿಮೆ ಹೇಳಿದ್ದರೂ ಮೊದಲನೆಯದು ಅದನ್ನು ಕಾಣುವುದಿಲ್ಲ. 0.75ರ ಮೇಲೆ ಬಂದರೆ ಚೆನ್ನಾಗಿದೆ, 0.5ರ ಕೆಳಗಿದ್ದರೆ ಕೆಟ್ಟಿದೆ. ಕೆಲಸ, ಓಡಾಟ, ಬಿಡುವು ಮೂರಕ್ಕೂ ಬೇರೆ ಬೇರೆ ಐಸಿಸಿ ಕೊಡಿ. ಒಟ್ಟು ಮೊತ್ತವೊಂದನ್ನೇ ಕೊಟ್ಟರೆ ಯಾವ ಪ್ರಶ್ನೆ ಅಲುಗಾಡುತ್ತಿದೆ ಎಂದು ಗೊತ್ತಾಗುವುದಿಲ್ಲ. ಮೆಟ್-ನಿಮಿಷಗಳು ಒಂದೇ ಕಡೆ ವಾಲಿರುವುದರಿಂದ ಸರಾಸರಿಯ ಬದಲು ಮಧ್ಯಾಂಕ (ಏರಿಕೆಯ ಸಾಲಿನಲ್ಲಿ ನಟ್ಟನಡುವಿನ ಅಂಕ) ಬರೆಯಿರಿ.

ಎರಡನೆಯದಕ್ಕೆ ಸೊಂಟಕ್ಕೆ ಕಟ್ಟುವ ಅಕ್ಸೆಲೆರೋಮೀಟರ್, ಅಂದರೆ ದೇಹದ ಅಲುಗಾಟ ಅಳೆಯುವ ಯಂತ್ರ, ಬೇಕು. 7 ದಿನ, ಸ್ನಾನ ಮತ್ತು ನಿದ್ದೆ ಬಿಟ್ಟು ಉಳಿದ ಹೊತ್ತೆಲ್ಲ ಬಲ ಸೊಂಟದ ಮೇಲೆ ಅದು ಇರಬೇಕು. ದಿನಕ್ಕೆ 10 ಗಂಟೆಯಾದರೂ ಕಟ್ಟಿಕೊಂಡ ದಿನವನ್ನು ಮಾತ್ರ ಲೆಕ್ಕಕ್ಕೆ ಹಿಡಿದು, ಅಂಥ ದಿನಗಳು ನಾಲ್ಕಕ್ಕಿಂತ ಕಡಿಮೆ ಇದ್ದವರನ್ನು ಬಿಡುವುದು ರೂಢಿ. ಎಂಟನೇ ದಿನ ಪ್ರಶ್ನಾವಳಿ ಕೇಳಿ. ಯಂತ್ರ ಕಟ್ಟುವ ಮೊದಲೇ ಕೇಳಿದರೆ ಎರಡೂ ಬೇರೆ ಬೇರೆ ವಾರವನ್ನು ಅಳೆದಂತಾಗುತ್ತದೆ. ‘ಈ ವಾರ ಎಂದಿನ ಹಾಗೇ ಇತ್ತೇ?’ ಎಂದು ಒಂದು ಪ್ರಶ್ನೆ ಹೆಚ್ಚಿಗೆ ಸೇರಿಸಿಕೊಳ್ಳಿ. ಮದುವೆ ಮನೆಯಲ್ಲಿ ಮೂರು ದಿನ ಕಳೆದವರ ವಾರವನ್ನು ಜಿಪ್ಯಾಕ್‌ನ ಸಾಮಾನ್ಯ ವಾರಕ್ಕೆ ಹೋಲಿಸುವಂತಿಲ್ಲ.

ಇನ್ನು ಲೆಕ್ಕ. ಐದು ಜನರಿಗೆ ಯಂತ್ರ ದಿನಕ್ಕೆ 10, 20, 30, 40, 50 ನಿಮಿಷ ತೋರಿಸಿತು, ಪ್ರಶ್ನಾವಳಿ 60, 70, 80, 90, 100 ಎಂದಿತು ಎನ್ನಿ. ಸಹಸಂಬಂಧ, ಅಂದರೆ ಎರಡೂ ಒಟ್ಟೊಟ್ಟಿಗೆ ಏರಿಳಿಯುತ್ತವೆಯೇ ಎಂಬ ಅಳತೆ, ಸರಿಯಾಗಿ 1. ಪ್ರಬಂಧದಲ್ಲಿ ‘ಅತ್ಯುತ್ತಮ’ ಎಂದು ಬರೆಯಬಹುದು, ಆದರೆ ಪ್ರತಿಯೊಬ್ಬರ ಉತ್ತರವೂ 50 ನಿಮಿಷ ಸುಳ್ಳು! ಅದಕ್ಕೇ ಬ್ಲಾಂಡ್–ಆಲ್ಟ್‌ಮನ್ ಚಿತ್ರ ಬೇಕು. ಪ್ರತಿಯೊಬ್ಬರಿಗೂ ಪ್ರಶ್ನಾವಳಿಯ ನಿಮಿಷದಿಂದ ಯಂತ್ರದ ನಿಮಿಷ ಕಳೆಯಿರಿ. ವ್ಯತ್ಯಾಸಗಳ ಸರಾಸರಿ +25, ಮಾನಕ ವಿಚಲನೆ (ಸರಾಸರಿಯಿಂದ ಅವು ಎಷ್ಟು ಚದುರಿವೆ ಎಂಬ ಅಳತೆ) 40 ಬಂದರೆ, ಈ 40ನ್ನು 1.96ರಿಂದ ಗುಣಿಸಿ ಸರಾಸರಿಗೆ ಕೂಡಿ ಕಳೆದಾಗ, ಬಹುಪಾಲು ವ್ಯತ್ಯಾಸಗಳು ಬೀಳುವ ಮಿತಿಗಳು −53 ಮತ್ತು +103. ಅಂದರೆ ‘60 ನಿಮಿಷ’ ಎಂದವರ ನಿಜವಾದ ಚಟುವಟಿಕೆ ಸೊನ್ನೆಯೂ ಆಗಿರಬಹುದು, ಸುಮಾರು 113 ನಿಮಿಷವೂ ಆಗಿರಬಹುದು.

ಫಲಿತಾಂಶ ಕಂಡು ಎದೆಗುಂದಬೇಡಿ. 2003ರಲ್ಲಿ ಪ್ರಕಟವಾದ 12 ದೇಶಗಳ ಐಪ್ಯಾಕ್ ಅಧ್ಯಯನದಲ್ಲಿ ಮರುಪರೀಕ್ಷೆಯ ಹೊಂದಾಣಿಕೆ 0.8ರ ಆಸುಪಾಸಿನಲ್ಲಿತ್ತು, ಯಂತ್ರದೊಂದಿಗಿನದು 0.3ರ ಸುತ್ತ. ಭಾರತವೂ ಸೇರಿ ಒಂಬತ್ತು ದೇಶಗಳಲ್ಲಿ ನಡೆದ ಜಿಪ್ಯಾಕ್ ಪರೀಕ್ಷೆಯಲ್ಲಿ ಯಂತ್ರದೊಂದಿಗಿನ ಹೊಂದಾಣಿಕೆ 0.06ರಿಂದ 0.35. ನಿಮಗೆ 0.3 ಬಂದರೆ ಅದು ಜಗತ್ತಿಗೆಲ್ಲ ಬಂದಿರುವ ಅಂಕವೇ. 0.9 ಬಂದರೆ ದತ್ತಾಂಶ ತುಂಬಿದವರನ್ನು ಕೂರಿಸಿಕೊಂಡು ಒಮ್ಮೆ ವಿಚಾರಿಸಿ.

‘ಕಠಿಣ ಶ್ರಮದ ಕೆಲಸ ಮಾಡುತ್ತೀರಾ?’ ಎಂದು ಕೇಳಿದರೆ ಕೆಲವರು ‘ನಮ್ದೆಲ್ಲಾ ಕಷ್ಟದ ಕೆಲ್ಸಾನೇ ಕಣವ್ವ’ ಅನ್ನುತ್ತಾರೆ. ಕೆಲವರು ‘ಏನಿಲ್ಲ, ಮನೇಲೇ ಇರ್ತೀನಿ’ ಅನ್ನುತ್ತಾರೆ. ಎರಡಕ್ಕೂ ನಿಮಿಷ ಹೇಗೆ ಬರೆಯುವುದು?
— ಸಮೀಕ್ಷೆ ಕಾರ್ಯಕರ್ತೆ, ಚಾಮರಾಜನಗರ

ಎರಡು ಉತ್ತರವೂ ಪ್ರಶ್ನೆಯ ತಪ್ಪಿನಿಂದ ಹುಟ್ಟಿದವು, ಹೇಳಿದವರ ತಪ್ಪಿನಿಂದಲ್ಲ. ‘ಕಠಿಣ’ ಅಂದರೆ ಜನರ ಕಿವಿಗೆ ‘ಕಷ್ಟ’ ಎಂದೇ ಬೀಳುತ್ತದೆ. ರಾತ್ರಿಯೆಲ್ಲ ಕೂತು ಅಡಿಕೆ ಸುಲಿಯುವುದು ಕಷ್ಟವೇ. ಬೇಸಿಗೆಯಲ್ಲಿ ಒಲೆ ಮುಂದೆ ರೊಟ್ಟಿ ಬಡಿಯುವುದೂ ಕಷ್ಟವೇ. ಆದರೆ ಪ್ರಶ್ನಾವಳಿ ಕೇಳುತ್ತಿರುವುದು ಉಸಿರನ್ನು, ಕಷ್ಟವನ್ನಲ್ಲ. ಹೀಗೆ ಕೇಳಿ: ‘ಮಾತಾಡಲು ಹೋದರೆ ಮಾತು ತುಂಡಾಗುವಷ್ಟು ಏದುಸಿರು ಬರುವ ಕೆಲಸ ಯಾವುದು?’ ಅದು ಭಾರಿ ಶ್ರಮ. ‘ಮಾತಾಡಬಹುದು, ಆದರೆ ಹಾಡು ಹೇಳೋಕಾಗಲ್ಲ ಅನ್ನುವಂಥದ್ದು?’ ಅದು ಮಧ್ಯಮ. ಹಾಡಿಕೊಂಡೇ ಮಾಡಬಹುದಾದದ್ದನ್ನು ಎರಡರಲ್ಲೂ ಬರೆಯಬೇಡಿ. ಅಗೆಯುವುದು, ಮೂಟೆ ಹೊತ್ತು ದಿಬ್ಬ ಹತ್ತುವುದು, ಕಟ್ಟಿಗೆ ಸೀಳುವುದು, ಕೊಟ್ಟಿಗೆ ಬಾಚುವುದು, ಕೊಡ ಹೊರುವುದು, ಇಂಥವುಗಳ ಚಿತ್ರವಿರುವ ಕಾರ್ಡು ಕೈಯಲ್ಲಿರಲಿ. ನಿಮ್ಮ ತಾಲ್ಲೂಕಿನ ಕೆಲಸಗಳದ್ದೇ ಚಿತ್ರಗಳಾಗಬೇಕು.

ಇನ್ನೊಂದು ಮೋಸದ ಪದ ‘ವಾಕಿಂಗ್’. ನಮ್ಮಲ್ಲಿ ವಾಕಿಂಗ್ ಅಂದರೆ ಬೆಳಿಗ್ಗೆ ಬೂಟು ಹಾಕಿಕೊಂಡು ಹೋಗುವುದು. ಬಸ್ ಸ್ಟಾಪಿಗೆ, ಡೇರಿಗೆ, ಹೊಲಕ್ಕೆ ಹೋಗುವುದಕ್ಕೆ ಯಾರೂ ಹಾಗೆನ್ನುವುದಿಲ್ಲ. ‘ವಾಕಿಂಗ್ ಮಾಡ್ತೀರಾ?’ ಎಂದರೆ ಹೊಲಕ್ಕೆ ದಿನಾ ಎರಡು ಮೈಲಿ ನಡೆಯುವವರೂ ‘ಇಲ್ಲ’ ಅನ್ನುತ್ತಾರೆ. ‘ನಡಕೊಂಡು ಎಲ್ಲೆಲ್ಲಿ ಹೋಗ್ತೀರಿ?’ ಎಂದು ಕೇಳಿ. ‘ವ್ಯಾಯಾಮ’ವೂ ಹಾಗೆಯೇ. ಆ ಪದ ಪ್ರಶ್ನೆಯಲ್ಲಿ ಬಂದರೆ ಮನೆಗೆಲಸ, ಕೂಲಿ ಎಲ್ಲ ಉತ್ತರದಿಂದ ಹೊರಗೆ ಬೀಳುತ್ತವೆ.

‘ಮನೇಲೇ ಇರ್ತೀನಿ’ ಎಂದವರ ಹತ್ತಿರ ನಿಮಿಷ ಕೇಳಲೇಬೇಡಿ. ದಿನವನ್ನು ನಡೆಸಿಕೊಂಡು ಬನ್ನಿ. ಎದ್ದ ಕೂಡಲೇ ಏನು? ಕೊಟ್ಟಿಗೆ ಬಾಚುವುದು. ಯಾವಾಗ ಶುರು? ಮೊದಲ ಬಸ್ಸು ಬರುವಾಗ, ಅಂದರೆ 6ಕ್ಕೆ. ಮುಗಿಯುವುದು? ಡೇರಿಗೆ ಹಾಲು ಹಾಕಲು ಹೊರಡುವಾಗ, 6.30. ಡೇರಿಗೆ ನಡಿಗೆ ಹೋಗಲು 10, ಬರಲು 10 ನಿಮಿಷ. ಆಮೇಲೆ ನಲ್ಲಿ ನೀರು, ಎಂಟು ಕೊಡ, ಹೊರಲು 20 ನಿಮಿಷ. ಇಷ್ಟಕ್ಕೇ 70 ನಿಮಿಷವಾಯಿತು. ಎಲ್ಲವನ್ನೂ ಮಧ್ಯಮ ಎಂದು ಹಿಡಿದರೆ 70 × 7 ದಿನ × 4 = 1960 ಮೆಟ್-ನಿಮಿಷ. ವಾರಕ್ಕೆ 600 ಇದ್ದರೆ ಸಾಕು ಎನ್ನುವ ಗೆರೆಯನ್ನು ‘ಏನಿಲ್ಲ’ ಎಂದ ಆಯಮ್ಮ ಬೆಳಗಿನ ಕಾಫಿಗೆ ಮೊದಲೇ ಮೂರು ಪಟ್ಟು ದಾಟಿದ್ದಾರೆ. ಡೇರಿಯ ನಡಿಗೆಯನ್ನು ‘ಓಡಾಟ’ದಲ್ಲಿ ಬರೆದರೆ ‘ಕೆಲಸ’ದಲ್ಲಿ ಮತ್ತೆ ಬರೆಯಬೇಡಿ, ಜಿಪ್ಯಾಕ್‌ನಲ್ಲಿ ಸಾಮಾನ್ಯವಾಗಿ ಎರಡು ಸಲ ಎಣಿಕೆಯಾಗುವುದು ಇಂಥ ನಡಿಗೆಯೇ. ಹತ್ತು ನಿಮಿಷಕ್ಕಿಂತ ಚಿಕ್ಕ ತುಣುಕುಗಳನ್ನು ನಮೂನೆ ಬಿಡಲು ಹೇಳುತ್ತದೆ. ಮಾರ್ಗಸೂಚಿಯಲ್ಲಿ ಆ ಹತ್ತು ನಿಮಿಷದ ಕಟ್ಟಳೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲೇ ಕೈಬಿಟ್ಟಿದೆ, ಆದರೆ ಹಳೆಯ ಸಮೀಕ್ಷೆಗೆ ಹೋಲಿಸಬೇಕಿದ್ದರೆ ನಮೂನೆಯಲ್ಲಿದ್ದಂತೆಯೇ ಕೇಳಿ.

ಹೊತ್ತಿನ ಮಾತಿನಲ್ಲೂ ಎಚ್ಚರ ಬೇಕು. ಲೆಕ್ಕದಲ್ಲಿ ಒಂದು ಗಳಿಗೆ 24 ನಿಮಿಷ, ಬಾಯಲ್ಲಿ ಅದು ಐದೂ ಆಗಬಹುದು, ನಲವತ್ತೂ ಆಗಬಹುದು. ‘ಒಂದು ಗಳಿಗೆ’ ಎಂದರೆ ಶುರು ಮತ್ತು ಮುಗಿತ ಎರಡನ್ನೂ ಕೇಳಿ, ಕಳೆಯುವುದನ್ನು ನೀವು ಮಾಡಿ. ನರೇಗಾ ಕೆಲಸವನ್ನು ‘ದಿನಕ್ಕೆ 8 ಗಂಟೆ ಭಾರಿ ಶ್ರಮ’ ಎಂದು ಬರೆದುಬಿಡಬೇಡಿ. ಅಗೆಯುವವರು ಯಾರು, ಪುಟ್ಟಿ ಹೊರುವವರು ಯಾರು, ಊಟಕ್ಕೆ ಮತ್ತು ನೆರಳಿಗೆ ಕೂತದ್ದು ಎಷ್ಟು ಹೊತ್ತು ಎಂದು ವಿಚಾರಿಸಿ ಕಳೆಯಿರಿ.

ದತ್ತಾಂಶವನ್ನು ಅತಿ ಹೆಚ್ಚು ಕೆಡಿಸುವ ತಪ್ಪು ಮಾತ್ರ ಬಹಳ ಸಣ್ಣದು. ವಾರಕ್ಕೆ 3 ಗಂಟೆ ಎಂದದ್ದನ್ನು ದಿನಕ್ಕೆ 3 ಗಂಟೆ, 7 ದಿನ ಎಂದು ತುಂಬುವುದು. ಮಧ್ಯಮ ಶ್ರಮವಾದರೆ 720 ಆಗಬೇಕಾದದ್ದು 5040 ಆಗುತ್ತದೆ. ಮನೆ ಬಿಡುವ ಮೊದಲು ಒಂದು ಕೂಡಿಕೆ ಮಾಡಿಬಿಡಿ: ನಿದ್ದೆ, ಕೂತದ್ದು, ಶ್ರಮ ಮೂರೂ ಸೇರಿ 24 ಗಂಟೆ ದಾಟಬಾರದು. ಐಪ್ಯಾಕ್ ನಿಯಮದಲ್ಲಿ ದಿನದ ಒಟ್ಟು ಚಟುವಟಿಕೆ 960 ನಿಮಿಷ ಮೀರಿದವರನ್ನು ಲೆಕ್ಕದಿಂದಲೇ ಬಿಡುತ್ತಾರೆ. ಗಿಡ್ಡ ರೂಪದಲ್ಲಿ ಯಾವುದೇ ಒಂದು ಬಗೆ ದಿನಕ್ಕೆ 180 ನಿಮಿಷ ದಾಟಿದರೆ 180ಕ್ಕೆ ಇಳಿಸುತ್ತಾರೆ. ಕೂಲಿ ಮಾಡುವವರಿಗೆ ಈ ಎರಡನೇ ನಿಯಮದಿಂದ ಅನ್ಯಾಯವಾಗುತ್ತದೆ ಎಂಬುದು ನಮ್ಮ ಅಭಿಪ್ರಾಯ. ಅಂಥ ಊರುಗಳಲ್ಲಿ ಗಿಡ್ಡ ಐಪ್ಯಾಕ್ ಬೇಡ, ಜಿಪ್ಯಾಕ್ ಒಳ್ಳೆಯದು.

ಕೊನೆಯದಾಗಿ ನಿಮ್ಮ ಸೀರೆಯ ಬಣ್ಣ. ಆಶಾ ಸಮವಸ್ತ್ರದಲ್ಲಿ ಹೋಗಿ ಕೇಳಿದರೆ, ಅದರಲ್ಲೂ ಸಕ್ಕರೆ ಕಾಯಿಲೆ ಇರುವವರ ಮನೆಯಲ್ಲಿ, ನಡಿಗೆ ಉದ್ದವಾಗುತ್ತದೆ. ‘ನಡೀರಿ’ ಎಂದು ಹಿಂದೆ ಹೇಳಿ ಹೋದವರೇ ‘ನಡೆದಿರಾ?’ ಎಂದು ಕೇಳುವಂತಾಗಬಾರದು. ಸಾಧ್ಯವಾದರೆ ಬೇರೆ ಊರಿನ ಕಾರ್ಯಕರ್ತೆಯನ್ನು ಕಳಿಸಿ.

ನನಗೆ 72 ವರ್ಷ. ಕೈಗಡಿಯಾರ ದಿನಕ್ಕೆ 8,000 ಹೆಜ್ಜೆ ತೋರಿಸುತ್ತದೆ. ಶಿಬಿರದಲ್ಲಿ ನಮೂನೆ ತುಂಬಿಸಿಕೊಂಡವರು ‘ಚಟುವಟಿಕೆ ಕಡಿಮೆ’ ಎಂದರು. ಯಾರನ್ನು ನಂಬಲಿ?
— ನಿವೃತ್ತ ಬ್ಯಾಂಕ್ ನೌಕರರು, ಮೈಸೂರು

ಇಬ್ಬರೂ ಬೇರೆ ಬೇರೆ ವಸ್ತುವನ್ನು ಅಳೆದಿದ್ದಾರೆ. ಗಡಿಯಾರ ಎಣಿಸುವುದು ಕೈಯ ಅಲುಗಾಟವನ್ನು. ತೆಂಗಿನಕಾಯಿ ತುರಿದರೂ ಒಂದಿಷ್ಟು ಹೆಜ್ಜೆ ಕೂಡಬಹುದು, ಹಳ್ಳದ ರಸ್ತೆಯಲ್ಲಿ ಸ್ಕೂಟರ್ ಓಡಿಸಿದರೂ ಕೂಡಬಹುದು. ತರಕಾರಿ ಚೀಲ ಹಿಡಿದು ಕೈ ಬೀಸದೆ ನಡೆದರೆ ಹೆಜ್ಜೆ ತಪ್ಪಿಹೋಗಬಹುದು. ಹೆಜ್ಜೆ ನಿಧಾನವೋ ಬಿರುಸೋ ಎಂಬುದು ಒಟ್ಟು ಸಂಖ್ಯೆಯಲ್ಲಿ ಕಾಣುವುದಿಲ್ಲ. ಇತ್ತ ನಮೂನೆ, ಮನೆಯೊಳಗೆ ಐದೈದು ನಿಮಿಷದ ಓಡಾಟವನ್ನೆಲ್ಲ ಕೈಬಿಟ್ಟಿದೆ. ಐಪ್ಯಾಕ್ ಆಗಿದ್ದರೆ ಅದನ್ನು ಮೂಲದಲ್ಲಿ ಪರೀಕ್ಷಿಸಿದ್ದೇ 15ರಿಂದ 69 ವರ್ಷದವರ ಬಳಕೆಗೆ.

ಸಂಶೋಧನೆಯ ಯಂತ್ರಗಳೂ ದೋಷರಹಿತವಲ್ಲ. ಸೊಂಟದ ಅಕ್ಸೆಲೆರೋಮೀಟರ್‌ಗೆ ಸೈಕಲ್ ತುಳಿತ ಸರಿಯಾಗಿ ಕಾಣುವುದಿಲ್ಲ, ತಲೆಯ ಮೇಲಿನ 20 ಕಿಲೋ ಹೊರೆಯಂತೂ ಕಾಣುವುದೇ ಇಲ್ಲ. ಅದರಲ್ಲಿ ‘ಮಧ್ಯಮ’ದ ಗೆರೆಯಾಗಿ ಬಹುಕಾಲ ಬಳಸಿದ ನಿಮಿಷಕ್ಕೆ 1952 ಎಣಿಕೆ (ಯಂತ್ರ ದಾಖಲಿಸುವ ಅಲುಗಾಟದ ಅಳತೆ) ಎಂಬ ಅಂಕ 1998ರಲ್ಲಿ ಟ್ರೆಡ್‌ಮಿಲ್ ಮೇಲೆ ನಡೆಸಿ ಓಡಿಸಿ ಕಂಡುಕೊಂಡದ್ದು, ಗದ್ದೆಯಲ್ಲಿ ಬಗ್ಗಿ ಕಳೆ ಕೀಳುವವರನ್ನು ನೋಡಿಯಲ್ಲ. ಒಟ್ಟು ಶಕ್ತಿವ್ಯಯಕ್ಕೆ ನಿಜವಾದ ಒರೆಗಲ್ಲು ಗುರುತು ಹಾಕಿದ ನೀರು. ಭಾರವಾದ ಹೈಡ್ರೋಜನ್, ಭಾರವಾದ ಆಮ್ಲಜನಕ ಇರುವ ನೀರನ್ನು ಕುಡಿಸಿ, ಒಂದೆರಡು ವಾರ ಮೂತ್ರ ಪರೀಕ್ಷಿಸುತ್ತಾರೆ. ಹೈಡ್ರೋಜನ್ ನೀರಾಗಿ ಮಾತ್ರ ಹೊರಹೋಗುತ್ತದೆ, ಆಮ್ಲಜನಕ ನೀರಾಗಿಯೂ ಉಸಿರಿನ ಇಂಗಾಲದ ಡೈಆಕ್ಸೈಡ್ ಆಗಿಯೂ ಹೋಗುತ್ತದೆ. ಎರಡರ ವ್ಯತ್ಯಾಸವೇ ಲೆಕ್ಕ. ಅದು ದುಬಾರಿ, ಅದೂ ಒಟ್ಟು ಮೊತ್ತ ಹೇಳುತ್ತದೆಯೇ ಹೊರತು ನಡೆದದ್ದೋ ಅಗೆದದ್ದೋ ಹೇಳುವುದಿಲ್ಲ.

ನೀವು ಮಾಡಬೇಕಾದದ್ದು ಸುಲಭ. ಒಂದು ವಾರ, ಬಿರುಸಾಗಿ ನಡೆದ ನಿಮಿಷಗಳನ್ನು ಮಾತ್ರ ಕ್ಯಾಲೆಂಡರಿನ ಮೇಲೆ ಅಂದಂದೇ ಬರೆಯಿರಿ. 150 ದಾಟಿದರೆ ಶಿಬಿರದವರ ಮಾತಿಗೆ ತಲೆ ಕೆಡಿಸಿಕೊಳ್ಳಬೇಡಿ.

ಐದನೇ ತರಗತಿ ಮಕ್ಕಳಿಗೆ ಯಾವ ಪ್ರಶ್ನಾವಳಿ ಒಳ್ಳೆಯದು?
— ದೈಹಿಕ ಶಿಕ್ಷಣ ಶಿಕ್ಷಕರು, ಶಿವಮೊಗ್ಗ

ನಿಮಿಷ ಕೇಳುವ ಯಾವುದೂ ಬೇಡ. ಹತ್ತು ವರ್ಷದ ಮಕ್ಕಳಿಗೆ ಆಟದ ಹೊತ್ತು ಗಡಿಯಾರದಲ್ಲಿ ನೆನಪಿರುವುದಿಲ್ಲ. ಕೆನಡಾದಲ್ಲಿ ರೂಪುಗೊಂಡ ‘ಪ್ಯಾಕ್-ಸಿ’ 8ರಿಂದ 14 ವರ್ಷದವರಿಗೆ ಮಾಡಿದ್ದು. ಬಿಡುವಿನಲ್ಲಿ, ಊಟದ ಹೊತ್ತಿನಲ್ಲಿ, ಶಾಲೆ ಬಿಟ್ಟ ಮೇಲೆ ಏನು ಮಾಡಿದೆ ಎಂದು ಕೇಳಿ 1ರಿಂದ 5ರ ಅಂಕ ಕೊಡುತ್ತದೆ. ಈ ಅಂಕವನ್ನು ನಿಮಿಷಕ್ಕೂ ಕ್ಯಾಲೊರಿಗೂ ತಿರುಗಿಸಲಾಗದು. ಮೂಲದ ಪಟ್ಟಿಯಲ್ಲಿ ಐಸ್ ಹಾಕಿ, ಸ್ಕೀಯಿಂಗ್ ಇವೆ. ಅವನ್ನು ತೆಗೆದು ಕಬಡ್ಡಿ, ಖೋಖೋ, ಲಗೋರಿ, ಕುಂಟಾಬಿಲ್ಲೆ ಸೇರಿಸಲೇಬೇಕು. ಸೇರಿಸಿದ ಮೇಲೆ ಮೊದಲ ಉತ್ತರದಲ್ಲಿ ಹೇಳಿದ ಮರುಪರೀಕ್ಷೆಯನ್ನೂ ಮಾಡಲೇಬೇಕು. ಒಬ್ಬೊಬ್ಬರಿಂದಲೇ ಓದಿಸದೆ, ಇಡೀ ತರಗತಿಗೆ ನೀವೇ ಒಂದೊಂದು ಪ್ರಶ್ನೆ ಓದಿ ತುಂಬಿಸಿ. ಪಕ್ಕದವರದ್ದನ್ನು ನೋಡಿ ಬರೆಯುವುದನ್ನು ತಪ್ಪಿಸಲು ಸಾಲು ಬಿಟ್ಟು ಕೂರಿಸಿ. ಮಳೆಗಾಲದ ವಾರದಲ್ಲಂತೂ ಬೇಡ. ಶಿವಮೊಗ್ಗದ ಜುಲೈ ಏನೆಂದು ನಿಮಗೇ ಗೊತ್ತು.

ನಮ್ಮ ಕಚೇರಿಯಲ್ಲಿ 40 ಜನರಿಗೆ ಮೂರು ತಿಂಗಳ ನಡಿಗೆ ಕಾರ್ಯಕ್ರಮ ಮಾಡುತ್ತಿದ್ದೇವೆ. ಮೊದಲು ಒಮ್ಮೆ, ಕೊನೆಗೆ ಒಮ್ಮೆ ಐಪ್ಯಾಕ್ ತುಂಬಿಸಿದರೆ ಪ್ರಯೋಜನವಾಯಿತೋ ಇಲ್ಲವೋ ಗೊತ್ತಾಗುವುದಲ್ಲವೇ?
— ಮಾನವ ಸಂಪನ್ಮೂಲ ವಿಭಾಗ, ಬೆಂಗಳೂರು

ಗೊತ್ತಾಗುವುದಿಲ್ಲ. ಕಾರ್ಯಕ್ರಮ ಏನೂ ಮಾಡದಿದ್ದರೂ ಅಂಕ ಏರಬಹುದು, ಅದಕ್ಕೆ ಮೂರು ದಾರಿಗಳಿವೆ. ಟೀ ಶರ್ಟು ಕೊಟ್ಟವರಿಗೆ ‘ನಡೆಯಲಿಲ್ಲ’ ಎನ್ನಲು ಜನರಿಗೆ ಸಂಕೋಚ. ಮೊದಲ ಸಲ ಮೆಟ್ರೋ ನಿಲ್ದಾಣದ ನಡಿಗೆಯನ್ನು ಲೆಕ್ಕಕ್ಕೇ ತಂದಿರದವರು, ಮೂರು ತಿಂಗಳು ಪಾಠ ಕೇಳಿದ ಮೇಲೆ ಅದನ್ನೂ ಸೇರಿಸುತ್ತಾರೆ. ಇನ್ನು, ಅಂಕ ಕಡಿಮೆ ಬಂದವರನ್ನೇ ಆರಿಸಿ ಸೇರಿಸಿಕೊಂಡಿದ್ದರೆ, ಅವರಲ್ಲಿ ಹಲವರು ಆ ವಾರ ಜ್ವರದಲ್ಲೋ ಡೆಡ್‌ಲೈನಿನಲ್ಲೋ ಇದ್ದವರು. ಮುಂದಿನ ಸಲ ತಾನಾಗಿಯೇ ಎಂದಿನ ಮಟ್ಟಕ್ಕೆ ಬರುತ್ತಾರೆ.

ಗಿಡ್ಡ ಐಪ್ಯಾಕ್ ಕುರಿತ 23 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ 2011ರ ಸಮೀಕ್ಷೆಯಲ್ಲಿ, ಯಂತ್ರಕ್ಕೆ ಹೋಲಿಸಿದಾಗ ಅದು ಸರಾಸರಿ ಶೇ. 84ರಷ್ಟು ಹೆಚ್ಚು ತೋರಿಸಿತ್ತು. ಸಾವಿರಾರು ಜನರ ಸಮೀಕ್ಷೆಯಲ್ಲಿ ಯಾವ ಜಿಲ್ಲೆ ಮುಂದೆ, ಯಾವ ವಯಸ್ಸಿನವರು ಹಿಂದೆ ಎಂದು ಹೇಳಲು ಈ ಉಪಕರಣ ಸಾಲುತ್ತದೆ. 40 ಜನರಲ್ಲಿ ಹತ್ತು ನಿಮಿಷದ ಬದಲಾವಣೆ ಹಿಡಿಯಲು ಸಾಲದು.

ಬದಲಿಗೆ ಹೀಗೆ ಮಾಡಿ. ಚೀಟಿ ಎತ್ತಿ 20 ಜನರಿಗೆ ಈಗ, ಉಳಿದ 20 ಜನರಿಗೆ ಮೂರು ತಿಂಗಳ ನಂತರ ಕಾರ್ಯಕ್ರಮ ಶುರು ಮಾಡಿ. ಕಾಯುತ್ತಿರುವವರೇ ಹೋಲಿಕೆಗೆ ಸಿಗುತ್ತಾರೆ. ಎಲ್ಲರಿಗೂ ಒಂದೇ ಮಾದರಿಯ ಹೆಜ್ಜೆ ಎಣಿಸುವ ಯಂತ್ರ ಕೊಡಿ. ಮೊದಲ ದಿನಗಳಲ್ಲಿ ಹೊಸ ಯಂತ್ರದ ಹುರುಪಿಗೇ ಜನ ಹೆಚ್ಚು ನಡೆಯುವುದರಿಂದ ಮೊದಲ ಎರಡು ಮೂರು ದಿನದ ಅಂಕ ಬಿಟ್ಟು ಎಣಿಸಿ. ಪ್ರಶ್ನಾವಳಿಯನ್ನು ಎಲ್ಲಿ ನಡೆದರು, ಯಾವಾಗ ನಡೆದರು ಎಂದು ತಿಳಿಯಲು ಇಟ್ಟುಕೊಳ್ಳಿ. ಅದು ಯಂತ್ರಕ್ಕೆ ಗೊತ್ತಾಗದ ಸಂಗತಿ. ಸಂದರ್ಶನ ನಿಮ್ಮ ವಿಭಾಗದವರಿಂದ ಬೇಡ, ಉತ್ತರದ ಮೇಲೆ ಹೆಸರಿನ ಬದಲು ಸಂಖ್ಯೆ ಇರಲಿ. ಎರಡನೇ ಸಲದ ವಾರ ದೀಪಾವಳಿ ರಜೆಗೆ ಬೀಳದಂತೆ ದಿನಾಂಕವನ್ನು ಈಗಲೇ ಗುರುತು ಮಾಡಿಡಿ.